‘ಇ’ ದರ್ಜೆಯವರ ಸನ್ನಿಧಾನಕ್ಕೆ ಒಂದು ಬಿನ್ನವತ್ತಳೆ

ಸಕಲ ಕೆರೆ-ಕಾಲುವೆಗಳ ಶಿರೋಭೂಷಣರೂ, ನೀರಿನ ಗುಣಮಟ್ಟದ ವರದಿಯ ಕೊನೆಯ ಕಾಲಮಿನಲ್ಲಿ ನಂದಾದೀಪದಂತೆ ಬೆಳಗುವವರೂ ಆದ ಶ್ರೀಮದ್ ‘ಇ’ ದರ್ಜೆಯವರಿಗೆ ಬೆಂಗಳೂರಿನ ಚಾಮರಾಜಪೇಟೆಯ ನಿವಾಸಿಯೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇತ್ತ ಎಲ್ಲರೂ ಕ್ಷೇಮ; ಕೆಂಪಾಂಬುಧಿ ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಮುಚ್ಚಿಕೊಂಡು ಕ್ಷೇಮ. ತಾವೂ ಕ್ಷೇಮವೆಂದು ಬಲ್ಲೆ. ತಮ್ಮ ಆರೋಗ್ಯ ಕೆಡಿಸುವಂಥ ತಿಳಿನೀರು ಈ ಆಸುಪಾಸಿನಲ್ಲಿ ಸುಳಿದ ವರ್ತಮಾನವಿಲ್ಲ.

ತಮ್ಮ ಮನೆತನ ಸಣ್ಣದಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ ನೆರಳಿನಲ್ಲಿ ಬೆಳೆದವರು ತಾವು. ದೇಶದ ನೀರನ್ನು ಕ್ರಮವಾಗಿ ಅಳೆಯುವ ಕೆಲಸ 1978ರಲ್ಲಿ ವಿಶ್ವಸಂಸ್ಥೆಯ ಯೋಜನೆಯೊಂದರ ಕೈಹಿಡಿದು ಶುರುವಾದಾಗ ನದಿ-ಕೆರೆಗಳಿಗೆ 24 ಠಾಣೆ, ಅಂತರ್ಜಲಕ್ಕೆ 11 ಇದ್ದವು. ಇಂದು ಆ ಸಂಖ್ಯೆ ನಾಲ್ಕು ಸಾವಿರ ದಾಟಿದೆ. ಅವುಗಳಲ್ಲಿ ನದಿ-ಕೆರೆಗಳಿಂದ ಬರುವ ಮಾದರಿ ಬಾಟಲಿಗಳ ಹಣೆಬರಹ ಬರೆಯುವವರು ತಾವು ಐವರು ಸೋದರರು. ‘ಎ’ ಎಂದರೆ ಸೋಂಕು ಕಳೆದು ಕುಡಿಯಬಹುದಾದ ನೀರು. ‘ಬಿ’ ಸ್ನಾನಕ್ಕೆ. ‘ಸಿ’ ಶುದ್ಧೀಕರಿಸಿ ಕುಡಿಯುವುದಕ್ಕೆ. ‘ಡಿ’ ಮೀನಿಗೆ, ಕಾಡುಪ್ರಾಣಿಗೆ. ಕಿರಿಯರಾದ ತಾವು ನೀರಾವರಿಗೆ, ಕಾರ್ಖಾನೆಯ ಯಂತ್ರ ತಣಿಸುವುದಕ್ಕೆ, ಮತ್ತು (ಇಲ್ಲಿ ನಾನು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ) ನಿಯಂತ್ರಿತವಾಗಿ ತ್ಯಾಜ್ಯ ಸುರಿಯುವುದಕ್ಕೆ. ಇದೆಲ್ಲ ನೀರಿನ ‘ಅತ್ಯುತ್ತಮ ಬಳಕೆ’ಯ ಪಟ್ಟಿಯಂತೆ. ಕೊಳಚೆ ಸುರಿಸಿಕೊಳ್ಳುವುದನ್ನೂ ಅತ್ಯುತ್ತಮಗಳ ಸಾಲಿನಲ್ಲಿ ಕೂರಿಸಿದ ಔದಾರ್ಯಕ್ಕೆ ಯಾವ ಹಾರ ಹಾಕಲಿ?

ತಮ್ಮ ಹಿರಿಯಣ್ಣನ ಮಡಿಯೋ ವಿಪರೀತ. ಲೀಟರಿಗೆ 6 ಮಿಲಿಗ್ರಾಮಾದರೂ ಕರಗಿದ ಆಮ್ಲಜನಕ ಬೇಕು, ಬಿಓಡಿ (ನೀರಿನ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 2 ಮೀರಬಾರದು, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ 50 ದಾಟಬಾರದು. ಅಷ್ಟೇನೂ ಮಡಿವಂತರಲ್ಲದ ‘ಡಿ’ಯವರೂ 4 ಮಿಲಿಗ್ರಾಂ ಆಮ್ಲಜನಕವಿಲ್ಲದೆ ಬಾಗಿಲು ತೆರೆಯುವುದಿಲ್ಲ. ತಮ್ಮ ಬಾಗಿಲಲ್ಲಿ ಕೇಳುವುದಾದರೂ ಏನು? ಪಿಎಚ್ 6ರಿಂದ 8.5ರೊಳಗೆ, ವಿದ್ಯುತ್ ವಾಹಕತೆ 2250ರೊಳಗೆ, ಸೋಡಿಯಂ ಹೀರಿಕೆಯ ಅನುಪಾತ 26ರೊಳಗೆ, ಬೋರಾನ್ 2 ಮಿಲಿಗ್ರಾಮಿನೊಳಗೆ. ಮುಗಿಯಿತು. ಆಮ್ಲಜನಕದ ಸೊಲ್ಲಿಲ್ಲ. ಬಿಓಡಿ ಕೇಳುವವರಿಲ್ಲ. ಕೋಲಿಫಾರ್ಮ್ ಎಷ್ಟು ಕೋಟಿಯಾದರೂ ಒಳಗೆ ಬರಬಹುದು. ಉಸಿರು ನಿಂತ ನೀರಿಗೂ ಮಣೆ ಹಾಕಿ ಕೂರಿಸುವ ಇಂಥ ದಯಾಮಯರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೋರಾನು, ಸೋಡಿಯಂ ಹೊಲದ ಮಣ್ಣನ್ನೂ ಪೈರನ್ನೂ ಕೆಡಿಸುತ್ತವೆ. ರೈತನ ಕಣ್ಣಿನಿಂದ ನೋಡಿದರೆ ತಮ್ಮ ಪ್ರಶ್ನೆಗಳಲ್ಲಿ ಅರ್ಥವಿದೆ, ಅದನ್ನು ಅಲ್ಲಗಳೆಯಲಾರೆ. ನನ್ನ ಸಂಕಟ ಬೇರೆ. ಮನೆಗಳ ಕೊಳಚೆಯ ಪಿಎಚ್ಚೂ ಉಪ್ಪಿನಂಶವೂ ಸಾಮಾನ್ಯವಾಗಿ ಈ ಗಡಿಯೊಳಗೇ ಇರುತ್ತವೆ. ಅಂದಮೇಲೆ ನಮ್ಮ ಬಚ್ಚಲಿನಿಂದ ಹೊರಟದ್ದು ಬೀದಿಯ ಮೋರಿ ತಲುಪುವ ಮೊದಲೇ ತಮ್ಮ ದೀಕ್ಷೆ ಪಡೆದಿರುತ್ತದೆ. ಇನ್ನು ಕೆರೆ ಯಾವುದು, ಬಚ್ಚಲು ಯಾವುದು ಎಂದು ತಮ್ಮಿಂದ ತಿಳಿಯುವ ಬಗೆ ಹೇಗೆ, ಪ್ರಭುಗಳೇ?

ನಮ್ಮ ಮೋರಿಗಳು ಸೇರುವ ಹೊಳೆ ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿ. ಕಾರ್ತಿಕದ ಕಡೇ ಸೋಮವಾರ ಕಡಲೆಕಾಯಿ ಪರಿಷೆಗೆ ಬರುವ ಲಕ್ಷಾಂತರ ಜನ ಬಸವನಿಗೆ ಕೈಮುಗಿಯುತ್ತಾರೆ; ಮಗಳ ಕುಶಲ ವಿಚಾರಿಸುವವರನ್ನು ಕಾಣೆ. ಮೈಸೂರು ರಸ್ತೆಯಲ್ಲಿ ಗಾಳಿ ಆಂಜನೇಯನ ಗುಡಿಯ ಹಿಂದೆ ಹಾಯುವಷ್ಟರಲ್ಲಿ ಆಕೆಗೆ ಹೆಸರೇ ಉಳಿದಿರುವುದಿಲ್ಲ. ಮುಂದೆ ಎಲ್ಲರ ಬಾಯಲ್ಲೂ ‘ಕೆಂಗೇರಿ ಮೋರಿ’. ಪೀಣ್ಯದ ಕಾರ್ಖಾನೆಗಳ ಕಡೆಯಿಂದಲೂ ಆಕೆಗೆ ಉಡುಗೊರೆ ಹರಿದು ಬಂದಿದೆ. ಆ ಉಡುಗೊರೆಯಲ್ಲಿ ಕ್ರೋಮಿಯಂ ಇದ್ದರೇನು, ಸೀಸವಿದ್ದರೇನು, ತಮ್ಮ ನಾಲ್ಕು ಪ್ರಶ್ನೆಗಳಲ್ಲಿ ಭಾರಲೋಹದ ಹೆಸರಿಲ್ಲ. ಅತಿಥಿಯ ಗಂಟು ಬಿಚ್ಚಿ ನೋಡದಿರುವುದು ದೊಡ್ಡ ಮನೆಯವರ ಲಕ್ಷಣವೇ ಸರಿ. ಬಿಡದಿ ಹತ್ತಿರದ ಬೈರಮಂಗಲ ಜಲಾಶಯದಲ್ಲಿ ಈ ನೀರು ನಿಲ್ಲುತ್ತದೆ, ಕಾಲುವೆಗೆ ಇಳಿಯುವಾಗ ನೊರೆ ಏಳುತ್ತದೆ. ಅಲ್ಲಿ ಭತ್ತ ಬೆಳೆಯುತ್ತಿದ್ದ ರೈತರು ಬೇಬಿ ಕಾರ್ನು, ಹಿಪ್ಪುನೇರಳೆ, ಮೇವಿನ ಹುಲ್ಲಿಗೆ ತಿರುಗಿಕೊಂಡರು. ನೀರಾವರಿಗೆ ಯೋಗ್ಯವೆಂಬ ತಮ್ಮ ಪ್ರಮಾಣಪತ್ರವನ್ನು ಅವರ ಗದ್ದೆ ಓದಿದ ಬಗೆ ಅದು.

ಸ್ವಲ್ಪ ಚಾಡಿ ಹೇಳಲು ಅಪ್ಪಣೆಯಾಗಬೇಕು. ತಮ್ಮ ಅಣ್ಣ ‘ಡಿ’ಯವರ ಬಗ್ಗೆ. ಕೊಳಚೆ ಉಂಡ ಕೆರೆ ಪಾಚಿಗಟ್ಟಿ ಹಸಿರಾಗುತ್ತದೆ. ಹಗಲಿನಲ್ಲಿ ಪಾಚಿ ಬಿಸಿಲು ಕುಡಿದು ನೀರಿಗೆ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಅದೇ ಕೆಸರು ಬಿಟ್ಟದ್ದನ್ನೆಲ್ಲ ಹೀರಿಕೊಳ್ಳುತ್ತವೆ. ಕಾಫಿ-ತಿಂಡಿ ಮುಗಿಸಿ ಹನ್ನೊಂದು ಗಂಟೆಗೆ ಬಂದು ಬಾಟಲಿ ತುಂಬಿದವರಿಗೆ ಆಮ್ಲಜನಕ ಸಮೃದ್ಧಿಯಾಗಿ ಸಿಗುತ್ತದೆ, ಮೀನುಗಳ ವಾಸಕ್ಕೆ ಯೋಗ್ಯವೆಂದು ಬರೆದುಕೊಂಡು ಹೋಗುತ್ತಾರೆ. ಮೀನುಗಳಿಗೆ ಈ ವರದಿ ತಲುಪದ ಕಾರಣ ಅವು ನಸುಕಿನ ನಾಲ್ಕು ಗಂಟೆಗೆ ಸಾಯುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ಮೇಲೆ ಬೆಳ್ಳಗೆ ಹಾಸಿಕೊಂಡ ಸತ್ತ ಮೀನುಗಳನ್ನು ಊರೇ ನೋಡಿತು. ಮಲ್ಲೇಶ್ವರದಲ್ಲಿ ಕರ್ನಲ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಕೆರೆಯ ಸುತ್ತ ವಾಕಿಂಗ್ ಮಾಡುವ ಹಿರಿಯರು ಐದಕ್ಕೇ ಎದ್ದು ಬರುತ್ತಾರೆ. ಬಾಟಲಿಯೊಂದನ್ನು ಅವರ ಕೈಗೆ ಕೊಟ್ಟರೆ ಸಂಬಳವಿಲ್ಲದೆ ತುಂಬಿಸಿ ಕೊಡುವರು, ಜೊತೆಗೆ ಉಚಿತ ಸಲಹೆಯನ್ನೂ.

ಕೆರೆಯೊಂದರ ಸ್ಥಿತಿ ವಿಚಾರಿಸಲು ಕಚೇರಿಯೊಂದಕ್ಕೆ ಹೋಗಿದ್ದೆ. ಮೇಜಿನಾಚೆಯವರು ಬಹಳ ಸಜ್ಜನರು. “ದರ್ಜೆ ಬಂದಿದೆಯಲ್ಲ ಸಾರ್, ಮತ್ತೇನಾಗಬೇಕು?” ಎಂದರು. ಆ ಕ್ಷಣ ತಮ್ಮ ಮಹಿಮೆ ನನಗೆ ಪೂರ್ತಿ ತಿಳಿಯಿತು. ದರ್ಜೆಯೇ ಇಲ್ಲದಿದ್ದರೆ ಯಾರಾದರೂ ಗಾಬರಿಯಾಗಬೇಕಿತ್ತು. ತಾವಿರುವುದರಿಂದ ಯಾರೂ ಆಗುವುದಿಲ್ಲ. ಮುಂದಿನ ತಿಂಗಳು ಬಾಟಲಿ ಮತ್ತೆ ತುಂಬುತ್ತದೆ, ಮೂರು ದಿನ 27 ಡಿಗ್ರಿಯಲ್ಲಿ ಬಿಓಡಿ ಕಾವು ಕೂರುತ್ತದೆ, ತಾವೇ ಮತ್ತೆ ಹೊರಬರುತ್ತೀರಿ. ದೇಶದ ಕಲುಷಿತ ನದಿಭಾಗಗಳ ಪಟ್ಟಿ 2018ರಲ್ಲಿ 351 ಇದ್ದದ್ದು 2022ರಲ್ಲಿ 311ಕ್ಕೆ ಇಳಿಯಿತು, ಸಂತೋಷ. ಆ ಪಟ್ಟಿ ಕಟ್ಟಿದ್ದು ಬಿಓಡಿ ಒಂದರ ಮೇಲೆ. ನಾಲ್ಕು ಸಾವಿರ ಬಾಟಲಿಗಳು ಇಷ್ಟೆಲ್ಲ ಹೇಳಬಲ್ಲವಾದರೂ ನಾವು ಒಂದೇ ಮಾತು ಕೇಳಿ ಎದ್ದು ಬರುತ್ತೇವೆ.

ಹೊರದೇಶದವರಿಗೆ ತಮ್ಮಷ್ಟು ದಾಕ್ಷಿಣ್ಯವಿಲ್ಲ. ವಿಶ್ವಸಂಸ್ಥೆಯ 6.3.2 ಎಂಬ ಸೂಚ್ಯಂಕ ಎಲ್ಲ ನದಿ-ಕೆರೆಗಳಿಗೂ ಆಮ್ಲಜನಕ, ಲವಣ, ಸಾರಜನಕ, ರಂಜಕ, ಪಿಎಚ್ ಐದನ್ನೂ ಕೇಳುತ್ತದೆ. ನೂರಕ್ಕೆ ಎಂಬತ್ತು ಅಳತೆ ಗುರಿ ಮುಟ್ಟದಿದ್ದರೆ ‘ಒಳ್ಳೆಯದು’ ಅನ್ನುವುದಿಲ್ಲ. ಯುರೋಪಿನವರ 2000ದ ಜಲ ನಿರ್ದೇಶನವಂತೂ ಒಂದು ಅಂಶ ಬಿದ್ದರೆ ಇಡೀ ನೀರೇ ಬಿತ್ತು ಎನ್ನುವಷ್ಟು ನಿಷ್ಠುರ. ಜೊಂಡು, ಅಂತರಗಂಗೆ, ಪಾಚಿಯನ್ನೆಲ್ಲ ಸಾಕಿ ಸಲಹುವ ರಂಜಕವನ್ನು ತಮ್ಮ ಐವರಲ್ಲಿ ಒಬ್ಬರೂ ವಿಚಾರಿಸುವುದಿಲ್ಲ. 2015, 2017, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿತು. ಹತ್ತಿ ಉರಿಯುವ ಕೆರೆಗೆ ಯಾವ ಅಕ್ಷರವೆಂದು ಪಟ್ಟಿಯಲ್ಲಿ ಹುಡುಕಿದೆ, ಇನ್ನೂ ಗೊತ್ತುಮಾಡಿದಂತಿಲ್ಲ. ಒಂದು ಲೆಕ್ಕದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಾದ ಧರ್ಮಾಂಬುಧಿಯೂ ಬಸವನಗುಡಿಯ ಕಾರಂಜಿ ಕೆರೆಯೂ ಪುಣ್ಯವಂತರು, ತಮ್ಮ ಕಣ್ಣಿಗೆ ಬೀಳುವ ಮೊದಲೇ ದಡ ಸೇರಿದರು.

ನಮ್ಮ ಪೇಟೆಯವರ ಮೇಲೆ ತಮಗೆ ಕೋಪ ಬರಲು ಕಾರಣವಿಲ್ಲ. ನಾವು ಕುಡಿಯುವ ಕಾವೇರಿ ಶಿವನಸಮುದ್ರದ ಹತ್ತಿರದಿಂದ, ಸುಮಾರು ನೂರು ಕಿಲೋಮೀಟರ್ ದೂರ, ಪಂಪಿನ ಮೇಲೆ ಪಂಪು ಹತ್ತಿ ಬರುತ್ತಾಳೆ. ಬಳಸಿದ್ದರಲ್ಲಿ ಬಹುಪಾಲನ್ನು ವೃಷಭಾವತಿಗೆ ಒಪ್ಪಿಸುತ್ತೇವೆ. ಆಕೆ ಕನಕಪುರದ ಕಡೆ ಅರ್ಕಾವತಿಯನ್ನು, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಸಂಗಮ ಇರುವುದು ನಮ್ಮ ಪಂಪಿಗಿಂತ ಕೆಳಗೆ. ಪಡೆದದ್ದನ್ನು ಪಡೆದಲ್ಲಿಗೇ ಹಿಂತಿರುಗಿಸಿ ನಾವೇ ಕುಡಿಯುವ ತಾಪತ್ರಯ ನಮಗಿಲ್ಲ. ಇದನ್ನು ಜಾಣತನವೆನ್ನಬೇಕೋ ಭೂಗೋಳವೆನ್ನಬೇಕೋ ತಾವೇ ತೀರ್ಮಾನಿಸಿ.

ಕಡೆಗೆ ಕೆಲವು ದೀನ ಪ್ರಾರ್ಥನೆಗಳು. ತಮ್ಮ ಬಾಗಿಲಲ್ಲಿ ಕೊಂಚ ಆಮ್ಲಜನಕ ಕೇಳುವ ಪದ್ಧತಿ ಆರಂಭಿಸಬೇಕು. 4 ಬೇಡ, 2 ಆದರೂ ಸಾಕು. ಅಣ್ಣ ‘ಡಿ’ಯವರು ತಿಂಗಳಿಗೊಮ್ಮೆಯಾದರೂ ಕೋಳಿ ಕೂಗುವ ಹೊತ್ತಿಗೆ ಎದ್ದು ಕೆರೆಗೆ ಹೋಗಬೇಕು. ವರದಿಯಲ್ಲಿನ ಅಂಕಿಗಳನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಆಯಾ ಕೆರೆಯ ಗೇಟಿಗೇ ತೂಗುಹಾಕಬೇಕು. ಉದ್ಘಾಟನೆಯ ಕಲ್ಲಿಗೆ ಜಾಗವಿರುವಲ್ಲಿ ಇದಕ್ಕೂ ಇದ್ದೀತು. ತಮಗಿಂತ ಕೆಳಗೆ ‘ಇಗಿಂತ ಕೆಳಗೆ’ ಎಂಬ ಹೆಸರಿಲ್ಲದ ಬಡಪಾಯಿಯೊಬ್ಬ ಪಟ್ಟಿಯ ಬುಡದಲ್ಲಿದ್ದಾನಲ್ಲ, ಅವನನ್ನು ದಯವಿಟ್ಟು ಕೆಲಸಕ್ಕೆ ಹಚ್ಚಬೇಕು. ತಮ್ಮ ಆಶ್ರಯದಲ್ಲಿರುವ ಅನೇಕರು ನ್ಯಾಯವಾಗಿ ಅವನ ಪಾಲಿನವರು.

ಇಂತಿ ತಮ್ಮ ಆಜ್ಞಾಧಾರಕ,
ಚಾಮರಾಜಪೇಟೆಯ ಒಬ್ಬ ಬಳಕೆದಾರ

ಪ್ರತಿ: ಸಂಗಮದಿಂದ ಕೆಳಗಿನ ಸಮಸ್ತ ಊರಿನವರಿಗೆ. ಅಂಚೆಚೀಟಿ ಹಚ್ಚಿಲ್ಲ, ಹೊಳೆಯಲ್ಲೇ ಬರುತ್ತದೆ.