ಫ್ಯಾನ್‌ಶಬ್ದದರ್ಪಣಂ: ಒಂದು ಮಿರ್ಜಾನ ಭಾಷ್ಯ

ಶಬ್ದ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು 13ನೇ ಶತಮಾನದಲ್ಲೇ ವೈಯಾಕರಣ ಕೇಶಿರಾಜ ಇತ್ಯರ್ಥ ಮಾಡಿಬಿಟ್ಟಿದ್ದಾನೆ. 'ಶಬ್ದಮಣಿದರ್ಪಣ'ದ ಪ್ರಕಾರ ಅದು ಅನುಕೂಲವಾದ ಗಾಳಿಯಿಂದ ನಾಭಿಮೂಲದಲ್ಲಿ ಕಹಳೆಯ ಹಾಗೆ ಹುಟ್ಟುತ್ತದೆ. ಅದರ ಬಣ್ಣ ಬಿಳಿ. ಪಂಡಿತರು ಇಷ್ಟು ಕಾಲ ಇದನ್ನು ಮನುಷ್ಯರ ಮಾತಿಗೆ ಹಚ್ಚಿ ಎಡವಿದ್ದಾರೆ. ಅವನು ಹೇಳಿದ್ದು ಲ್ಯಾಪ್‌ಟಾಪಿನ ಫ್ಯಾನಿನ ವಿಷಯ. ಪ್ರಮಾಣ ಬೇಕೆ? ಗಾಳಿ ಇದೆ. ತೊಡೆಯ ಮೇಲಿಟ್ಟರೆ ಯಂತ್ರ ಬಂದು ಕೂರುವುದು ಹೊಕ್ಕುಳಿನೆದುರಿಗೇ. ಒಂದೇ ಸಮ ಭರ್ರೆನ್ನುವ ಸದ್ದಿಗೆ ಇಂಜಿನಿಯರುಗಳು ಇಂದಿಗೂ 'ವೈಟ್ ನಾಯ್ಸ್' ಎನ್ನುತ್ತಾರೆ. ಉಳಿದದ್ದು ಕಹಳೆ. ಅದಕ್ಕೆ ನಮ್ಮ ಆಯಿ ಸಾಕ್ಷಿ.

ಮೇ ತಿಂಗಳ ಮಧ್ಯಾಹ್ನ. ಮಿರ್ಜಾನ ಕೋಟೆಯ ಕೆಂಪುಕಲ್ಲು ಕಾದು, ಅಘನಾಶಿನಿ ಹೊಳೆಯ ಕಡೆ ಒಂದೆಲೆಯೂ ಅಲ್ಲಾಡದ ಹೊತ್ತು. ಜಗುಲಿಯಲ್ಲಿ ಕೂತು ಆಫೀಸಿನ ಮೀಟಿಂಗ್ ನಡೆಸುತ್ತಿದ್ದೆ. ಆಯಿ ಒಳಗಿಂದ ಬಂದು ನಿಂತಳು.

"ಎಂತ ಆತಾ ತಮಾ ಅದ್ಕೆ? ಉಬ್ಬಸ ಬಂದಂಗೆ ಮಾಡ್ತಾ ಇದ್ದಲಾ."

ಅತ್ತ ಬೆಂಗಳೂರಿನ ಮ್ಯಾನೇಜರು, "ಹಿಂದೆ ರೈಲು ಹೋಗ್ತಾ ಇದೆಯಾ?" ಎಂದರು. ಕೊಂಕಣ ರೈಲಿಗೆ ಮಿರ್ಜಾನದಲ್ಲಿ ನಿಲ್ದಾಣ ಇರುವುದು ನಿಜ. ಆದರೆ ಆ ಹೊತ್ತಿಗೆ ಯಾವ ರೈಲೂ ಇರಲಿಲ್ಲ.

ತಪ್ಪು ನನ್ನದೇ. ಕೊಳ್ಳುವಾಗ 'ಐ7' ಎಂಬ ಪ್ರಕೃತಿಯನ್ನು ನೋಡಿ ಪ್ರತ್ಯಯವನ್ನು ನೋಡದೆ ಬಂದಿದ್ದೆ. ಅಂಗಡಿಯವನೂ "ಐ7 ಅಂದ್ರೆ ಐ7 ಸರ್" ಎಂದು ಅದ್ವೈತ ಹೇಳಿ ಬಿಲ್ಲು ಕೊಟ್ಟಿದ್ದ. ಆದ್ದರಿಂದ ಮೊದಲ ಸೂತ್ರ: 'ಅಂತ್ಯಾಕ್ಷರಂ ಪ್ರಧಾನಮ್.'

ವೃತ್ತಿ: 2022ರಲ್ಲಿ ಬಂದ ಇಂಟೆಲ್ ಐ7-1255ಯು, ಐ7-12700ಎಚ್ ಪ್ರೊಸೆಸರುಗಳೆರಡೂ ಒಂದೇ ತಲೆಮಾರಿನ ದಾಯಾದಿಗಳು. 'ಯು' ಪ್ರತ್ಯಯದ್ದು ಸಮಾಧಾನದಲ್ಲಿ ದುಡಿಯುವಾಗ 15 ವಾಟ್. ಭಾರ ಬಂದಾಗ, ಅಂದರೆ ಟರ್ಬೊದಲ್ಲಿ, 55ರವರೆಗೆ. 'ಎಚ್' ಪ್ರತ್ಯಯದ್ದು ಸಮಾಧಾನದ ದುಡಿಮೆಗೇ 45, ಭಾರ ಬಂದರೆ 115ರವರೆಗೆ. ಅಜ್ಜನ ಕಾಲದಲ್ಲಿ ಇದೇ ಜಗುಲಿಗೆ ಹಾಕುತ್ತಿದ್ದದ್ದು 40 ವಾಟಿನ ಬಲ್ಬು. ಅದನ್ನು ಯಾರೂ ತೊಡೆಯ ಮೇಲಿಟ್ಟುಕೊಂಡು ಕೂತ ದಾಖಲೆಯಿಲ್ಲ. ಯಕ್ಷಗಾನದ ಭಾಷೆಯಲ್ಲಿ ಹೇಳಬೇಕೆಂದರೆ 'ಯು' ಮದ್ದಳೆ, 'ಎಚ್' ಚಂಡೆ. ಚಂಡೆ ಬೇಕಾಗುವುದು ಯುದ್ಧದ ಪದ್ಯಕ್ಕೆ, ರಾಕ್ಷಸ ರಂಗಕ್ಕೆ ಬರುವಾಗ. ನಾನು ಕೊಂಡು ತಂದದ್ದು 'ಎಚ್'. ನನ್ನ ಕೆಲಸವೆಲ್ಲ ಎಕ್ಸೆಲ್‌ನಲ್ಲಿ. ಫ್ಯಾನೇ ಇಲ್ಲದ ಮೌನವ್ರತಿಗಳ ಪಂಥವೂ ಒಂದಿದೆ: 2020ರ ಎಂ1 ಮ್ಯಾಕ್‌ಬುಕ್ ಏರ್. ಬಿಸಿ ಮಿತಿಮೀರಿದರೆ ಅದು ಕೂಗುವುದಿಲ್ಲ, ಕೆಲಸ ನಿಧಾನ ಮಾಡುತ್ತದೆ. ನಮ್ಮ ಆಳುಗಳಲ್ಲೂ ಈ ಪಂಥದವರಿದ್ದಾರೆ.

ಎರಡನೆಯ ಸೂತ್ರ: 'ವೇಗೇ ದ್ವಿಗುಣೇ ಗಲಾಟೆ ತ್ರಿಗುಣಾ.' ಫ್ಯಾನು ಎರಡು ಪಟ್ಟು ಜೋರಾಗಿ ತಿರುಗಿದರೆ ಗಾಳಿ ಎರಡೇ ಪಟ್ಟು, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿದರೇ ಕಿವಿಗೆ ದುಪ್ಪಟ್ಟು ಕೇಳುವುದರಿಂದ, ಲೆಕ್ಕ ಹೆಚ್ಚುಕಡಿಮೆ ಮೂರು ಪಟ್ಟಿಗೆ ಹೋಗಿ ನಿಲ್ಲುತ್ತದೆ.

ಇಲ್ಲಿ ಪೂರ್ವಪಕ್ಷದವರು, "ಕರಾವಳಿಯ ಸೆಕೆಗೆ ಹಾಗಾಗ್ತದೆ ಬಿಡಿ" ಎನ್ನುತ್ತಾರೆ. ಇದು ಅಪಶಬ್ದ. ಸೆಕೆ ಬೇರೆ, ಬಿಸಿ ಬೇರೆ. ಸೆಕೆ ಎಂದರೆ ಬೆವರು ಆರದ ಸಂಕಟ. ಪ್ರೊಸೆಸರಿಗೆ ಬೆವರೇ ಇಲ್ಲ. ಅದಕ್ಕಿರುವುದು ಬರೀ ಬಿಸಿ. ಫ್ಯಾನು ಎಷ್ಟು ತಿರುಗಿದರೂ ಜಗುಲಿಯ ಗಾಳಿಗಿಂತ ತಂಪು ಮಾಡಲಾರದು. ಜಗುಲಿ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಹತ್ತಿರಹತ್ತಿರ ಅಷ್ಟೇ ಏರುತ್ತದೆ. ಅಂಗಡಿಯ ಏಸಿಯಲ್ಲಿ ಅದು ಸಾಧು ಪ್ರಾಣಿಯಾಗಿತ್ತೇಕೆ ಎಂಬುದಕ್ಕೆ ಇದೇ ಉತ್ತರ.

ಆಯಿಯ ಶಾಸ್ತ್ರ ಇನ್ನೂ ಸರಳ. "ಉಷ್ಣ ಆಜು ಅದ್ಕೆ" ಎಂದು ಒಂದೆಲಗದ ತಂಬುಳಿ ತಂದಿಟ್ಟಳು; ಕುಡಿದದ್ದು ನಾನು. ಯೋಚಿಸಿದರೆ ನಮ್ಮದು ಉಷ್ಣ ಪದಾರ್ಥ ಮಾರಿಯೇ ಬದುಕಿದ ಊರು. 16ನೇ ಶತಮಾನದಲ್ಲಿ ಇಲ್ಲಿ ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದರು. ಆಗ ಉಷ್ಣವನ್ನು ಹಡಗು ಹತ್ತಿಸಿ ಕಳಿಸುತ್ತಿದ್ದೆವು. ಈಗ ಇಎಂಐ ಕಟ್ಟಿ ತರಿಸಿಕೊಳ್ಳುತ್ತೇವೆ.

ಜೂನ್ ಬಂತು. ಹಂಚಿನ ಮೇಲೆ ಮಳೆ ಬಡಿಯತೊಡಗಿದ ಮೇಲೆ ಫ್ಯಾನಿನ ಸದ್ದೂ ಇಲ್ಲ, ಮ್ಯಾನೇಜರರ ಮಾತೂ ಇಲ್ಲ. ಶಾಸ್ತ್ರ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಹೊಳವಾದ ಒಂದು ದಿನ ವಿಂಡೋಸ್‌ನ ಪವರ್ ಸೆಟ್ಟಿಂಗಿಗೆ ಹೋಗಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ. 100ರಿಂದ 99ಕ್ಕೆ ಇಳಿಸಿದೆ. ಟರ್ಬೊ ಬಂದ್, ಭಾರ ಇಳಿಯಿತು. ಜಗುಲಿ ನಿಶ್ಶಬ್ದ. ಎಕ್ಸೆಲ್‌ಗೆ ಇದು ಗೊತ್ತೂ ಆಗಲಿಲ್ಲ.

ಆಯಿ ಬಾಗಿಲಿಗೆ ಬಂದು, "ಕೆಟ್ಟೋತನಾ?" ಎಂದಳು.

ನೀವು ಕೊಳ್ಳುವುದಾದರೆ ಕೊನೆಯ ಅಕ್ಷರ ಓದಿ ಕೊಳ್ಳಿ. ಪರೀಕ್ಷೆ ಮಾಡುವುದಿದ್ದರೆ ಮೇ ತಿಂಗಳಲ್ಲಿ, ಏಸಿ ಆರಿಸಿ ಮಾಡಿ.