ಇಲ್ಲಿದೆ ಸಂಪೂರ್ಣ ಮಾಹಿತಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಯಾವಾಗ ಅಂತ ಗೂಗಲ್‌ನಲ್ಲಿ ಹುಡುಕಿ ನೋಡಿ. ಸಾಲುಸಾಲು ಸುದ್ದಿತಾಣ. ಎಲ್ಲದರ ಕೆಳಗೂ ಒಂದೇ ಮಂತ್ರ: 'ಫಲಿತಾಂಶ ಯಾವಾಗ? ನೋಡುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ.' ಒಳಗೆ ಹೋದರೆ ಹೋದ ವರ್ಷದ ಶೇಕಡಾವಾರು ಇದೆ. ನಡುನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು ಇದೆ. ಕಟ್ಟಕಡೆಗೆ ಒಂದು ಸಾಲು: 'ದಿನಾಂಕ ಇನ್ನೂ ಪ್ರಕಟವಾಗಿಲ್ಲ.'

ಸಂಪೂರ್ಣ ಅಂದರೆ ಇದೇ.

ಶೀರ್ಷಿಕೆಯ ಕೆಳಗೆ ತೋರಿಸಲೆಂದು ಪುಟದವರೇ ಬರೆದುಕೊಡುವ ಆ ಎರಡು ಸಾಲಿನ ವಿವರಣೆಗೆ ಮೆಟಾ ಡಿಸ್ಕ್ರಿಪ್ಷನ್ ಅನ್ನುತ್ತಾರೆ. ಪುಟದಲ್ಲಿ ಏನಿದೆ ಎಂದು ಮೊದಲೇ ಹೇಳುವುದು ಅದರ ಕೆಲಸ. ಓದಿದವನು ಒಳಗೆ ಬರಲಿ, ಇಲ್ಲವೇ ಮುಂದೆ ಹೋಗಲಿ. ನಮ್ಮವರು ಅದನ್ನು ಹಚ್ಚಿದ್ದು ಉಲ್ಟಾ ಕೆಲಸಕ್ಕೆ. ಉತ್ತರ ಇದ್ದವರು ಬಚ್ಚಿಡುತ್ತಾರೆ. ಇಲ್ಲದವರು ಇದೆ ಎಂದು ಸಾರುತ್ತಾರೆ.

ಸರ್ಕಾರಿ ಇಲಾಖೆಗಳ ಬಳಿ ಮಾಹಿತಿ ನಿಜಕ್ಕೂ ಇದೆ. ಹೇಳುವ ಚಟ ಇಲ್ಲ. ಪಿಂಚಣಿ ಅರ್ಜಿಗಾಗಿ ಹುಡುಕಿದಾಗ ಒಂದು ಇಲಾಖೆಯ ಪುಟ ತನ್ನ ಪರಿಚಯ ಮಾಡಿಕೊಂಡದ್ದು ಹೀಗೆ: 'ಮುಖ್ಯ ವಿಷಯಕ್ಕೆ ತೆರಳಿ, ಎ ಪ್ಲಸ್, ಎ, ಎ ಮೈನಸ್, ಮುಖಪುಟ, ನಮ್ಮ ಬಗ್ಗೆ, ಸಂಪರ್ಕಿಸಿ.' ವಿವರಣೆಯ ಜಾಗ ಖಾಲಿ ಬಿಟ್ಟರೆ ಗೂಗಲ್ ಪುಟದಿಂದಲೇ ಏನಾದರೂ ಹೆಕ್ಕಿ ಹಾಕುತ್ತದೆ. ಇಲ್ಲಿ ಹೆಕ್ಕಲು ಸಿಕ್ಕಿದ್ದು ಮೆನು.

ಇನ್ನೊಂದು ಇಲಾಖೆ ಬರೆದಿದೆ, ಪುಣ್ಯ. ಆದರೆ ಎಲ್ಲ ಪುಟಕ್ಕೂ ಒಂದೇ: 'ಇಲಾಖೆಯ ಅಧಿಕೃತ ಜಾಲತಾಣ.' ಟೆಂಡರಿಗೂ ಅದೇ, ವಿಧವಾ ವೇತನಕ್ಕೂ ಅದೇ. ಪುಟಪುಟಕ್ಕೂ ಬೇರೆ ವಿವರಣೆ ಕೊಡಿ ಎಂದು ಗೂಗಲ್‌ನ ಮಾರ್ಗಸೂಚಿಯೇ ಹೇಳುತ್ತದೆ. ಮಾರ್ಗಸೂಚಿ ಹೊರಡಿಸುವವರು ಮಾರ್ಗಸೂಚಿ ಓದುವುದುಂಟೇ?

'ಯಾರು ಅರ್ಹರು, ಯಾವ ದಾಖಲೆ ಬೇಕು, ಅರ್ಜಿ ಎಲ್ಲಿ ಕೊಡಬೇಕು, ತಿಂಗಳಿಗೆ ಎಷ್ಟು ಬರುತ್ತದೆ.' ಪಿಂಚಣಿಯ ಪುಟಕ್ಕೆ ಇಷ್ಟು ಬರೆದಿದ್ದರೆ ಸಾಕಿತ್ತು. ಅಜ್ಜಿಯ ಮೊಮ್ಮಗ ಇದೇ ಸರಿಯಾದ ಪುಟ ಎಂದು ತಿಳಿದು ಒತ್ತುತ್ತಿದ್ದ. ಅದೇ ತೊಂದರೆ ಇರಬೇಕು. ಕಚೇರಿಗೆ ಅಲೆಯುವವರು ಕಡಿಮೆಯಾದರೆ ಕಚೇರಿಗೆ ಬೆಲೆ ಎಲ್ಲಿಯದು?

ಇನ್ನು ಎಸ್‌ಇಒ ಪಂಡಿತರು, ಅಂದರೆ ಹುಡುಕಿದಾಗ ಪುಟ ಮೇಲೆ ಬರುವಂತೆ ಮಾಡಿಕೊಡುತ್ತೇವೆ ಎನ್ನುವವರು. ವಿವರಣೆ 160 ಅಕ್ಷರ ದಾಟಕೂಡದು, ಇದು ಇವರ ಪಂಚಾಂಗ. ಗೂಗಲ್ ಅಂಥ ಮಿತಿ ಹಾಕಿಯೇ ಇಲ್ಲ, ಪರದೆಯ ಅಗಲ ನೋಡಿ ಕತ್ತರಿಸುತ್ತದೆ. 2017ರ ಕೊನೆಗೆ ಅದು ಉದ್ದುದ್ದ ತೋರಿಸತೊಡಗಿತು. ಪಂಡಿತರು ಗಿರಾಕಿಗಳ ಪುಟ ಹಿಗ್ಗಿಸಿ ಬಿಲ್ ಹಾಕಿದರು. 2018ರ ಮೇನಲ್ಲಿ ಮತ್ತೆ ಗಿಡ್ಡವಾಯಿತು. ಕುಗ್ಗಿಸಿ ಬಿಲ್ ಹಾಕಿದರು. ಕನ್ನಡದಲ್ಲಂತೂ ಈ ಲೆಕ್ಕ ಇನ್ನೂ ಮೋಜು. 'ಕ್ಷ' ನಮಗೆ ಒಂದು, ಕಂಪ್ಯೂಟರಿಗೆ ಮೂರು. ಪಂಡಿತರು ಎಣಿಸುವುದು ಯಾವುದನ್ನೋ.

ವಿವರಣೆಯಿಂದ ರ‍್ಯಾಂಕು ಏರುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ. ಆದರೂ 'ಬೆಸ್ಟ್ ಪಿಜಿ ಬೆಂಗಳೂರು, ಬೆಂಗಳೂರು ಬೆಸ್ಟ್ ಪಿಜಿ, ಪಿಜಿ ಬೆಂಗಳೂರು ಬೆಸ್ಟ್' ಎಂಬ ಜಪ ನಿಂತಿಲ್ಲ. ಬಾಡಿಗೆ ಎಷ್ಟು? ಊಟ ಇದೆಯೇ? ನೀರು ಬರುತ್ತದೆಯೇ? ಅದು ಬೇಡ. ಕೋಣೆ ಹುಡುಕುತ್ತಿರುವುದು ಮನುಷ್ಯ ಎಂಬ ಅನುಮಾನವೂ ಇವರಿಗಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಗೂಗಲ್ ಎಷ್ಟೋ ಸಲ ಇವರ ವಿವರಣೆಯನ್ನು ಬದಿಗೆ ಸರಿಸಿ ಪುಟದೊಳಗಿನ ಸಾಲನ್ನೇ ಎತ್ತಿ ತೋರಿಸುತ್ತದೆ. ಆಗ ಗೋಳು ನೋಡಬೇಕು. ಕಷ್ಟಪಟ್ಟು ಬರೆದದ್ದನ್ನು ಯಂತ್ರ ಕಸಕ್ಕೆ ಎಸೆಯಿತಂತೆ! ಅದು ಮಾಡುವುದಿಷ್ಟೇ: ಜನ ಕೇಳಿದ್ದಕ್ಕೆ ಹೊಂದುವ ಸಾಲು ಪುಟದೊಳಗೆ ಎಲ್ಲಾದರೂ ಇದೆಯೇ ಎಂದು ಹುಡುಕುತ್ತದೆ. ಪಾಪ, ಹುಡುಕಲಿ. ಇದ್ದರೆ ತಾನೇ ಸಿಗುವುದು.