ಮುಂಗಡ ಕ್ರಿಸ್ಮಸ್

ಕ್ರಿಸ್ಮಸ್ ಯಾವತ್ತು ಎಂದು ಕೇಳಿದರೆ ಅಂಗನವಾಡಿಯ ಮಗುವೂ ಡಿಸೆಂಬರ್ 25 ಎನ್ನುತ್ತದೆ. ಮಂಗಳೂರು ಕಡೆಯ ಕ್ಯಾಥೋಲಿಕ್ ಮನೆಗಳಲ್ಲಿ ಮಾತ್ರ ಉತ್ತರ ಹೇಳುವ ಮೊದಲು ಕುವೈತಿಗೊಂದು, ದುಬೈಗೊಂದು ಫೋನ್ ಮಾಡಬೇಕಾಗುತ್ತದೆ. ಹಿಂದೆ ಹಬ್ಬದ ದಿನ ಗೊತ್ತು ಮಾಡುತ್ತಿದ್ದವರು ರೋಮಿನ ಪೋಪರು. ಈಗ ಆ ಅಧಿಕಾರ ಸದ್ದಿಲ್ಲದೆ ಗಲ್ಫ್ ಕಂಪನಿಯ ಎಚ್.ಆರ್. ಮ್ಯಾನೇಜರನ ಕೈಗೆ ಹೋಗಿದೆ. ಆತ ಲೆಬನಾನಿನವನೋ, ಕೇರಳದವನೋ, ನಮ್ಮೂರನ್ನು ನಕ್ಷೆಯಲ್ಲೂ ಕಂಡವನಲ್ಲ. ಆದರೆ ಆತ ರಜೆ ಅರ್ಜಿಗೆ ಸಹಿ ಹಾಕುವವರೆಗೆ ನಮ್ಮ ಅಮ್ಮ ಕೇಕಿಗೆ ಒಣದ್ರಾಕ್ಷಿ ನೆನೆ ಹಾಕುವುದಿಲ್ಲ.

ನಮ್ಮ ದೊಡ್ಡಣ್ಣ ಕುವೈತಿನಲ್ಲಿ, ಸಣ್ಣಣ್ಣ ದುಬೈಯಲ್ಲಿ, ತಂಗಿ ಅಯರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಕುವೈತಿನಲ್ಲಿ ಡಿಸೆಂಬರ್ 25 ಮಾಮೂಲಿ ಕೆಲಸದ ದಿನ. ದುಬೈಯಲ್ಲೂ ಹಾಗೇ, ಮಾಲ್‌ಗಳಲ್ಲಿ ಮೂರು ಅಂತಸ್ತಿನಷ್ಟು ಎತ್ತರದ ಕ್ರಿಸ್ಮಸ್ ಮರ ನಿಲ್ಲಿಸಿರುತ್ತಾರೆ, ರಜೆ ಮಾತ್ರ ಕೊಡುವುದಿಲ್ಲ. ಅಯರ್ಲೆಂಡಿನಲ್ಲಿ ಆ ದಿನ ಇಡೀ ದೇಶಕ್ಕೇ ರಜೆ, ರೋಗಿಗಳಿಗೂ ನರ್ಸ್‌ಗಳಿಗೂ ಇಲ್ಲ. ಇದರ ಮೇಲೆ ಅತ್ತಿಗೆಯರ ಪ್ರಶ್ನೆ ಬೇರೆ. ಅವರಿಗೂ ತವರುಮನೆ ಉಂಟು, ಅಲ್ಲಿಯೂ ಒಬ್ಬ ತಾಯಿ ಒಣದ್ರಾಕ್ಷಿಯ ಡಬ್ಬಿ ಹಿಡಿದು ಕಾಯುತ್ತಿರುತ್ತಾಳೆ. ಎಲ್ಲರ ಅನುಕೂಲ ಕೂಡಿ ಕಳೆದು ನೋಡಿದರೆ ಉಳಿಯುವುದು ಡಿಸೆಂಬರ್ ಎರಡನೇ ವಾರದ ಯಾವುದೋ ಒಂದು ಶನಿವಾರ. ಅದೇ ನಮ್ಮ ಮನೆಯ ಕ್ರಿಸ್ಮಸ್.

ರಜೆ ಸಿಕ್ಕಿದರೂ ವಿಮಾನದ ಟಿಕೆಟ್ ಉಂಟಲ್ಲ? ಮಂಗಳೂರಿನ ನಮ್ಮ ಬಜ್ಪೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 1951ರ ಡಿಸೆಂಬರ್ 25ರಂದು. ಅವತ್ತು ನೆಹರೂ ಅವರೇ ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ಕ್ರಿಸ್ಮಸ್ ದಿನವೇ ಹುಟ್ಟಿದ ನಿಲ್ದಾಣ, ಅಲ್ಲಿ ಕ್ರಿಸ್ಮಸ್‌ಗೆ ಬಂದಿಳಿಯುವುದು ಪ್ರಧಾನಿಗಾದರೆ ಸರಿ, ನಮ್ಮಂಥವರ ಕಿಸೆಗೆ ಹೇಳಿದ್ದಲ್ಲ. 20ನೇ ತಾರೀಕು ದಾಟಿದರೆ ಟಿಕೆಟಿನ ದರ ಕೇಳಿಯೇ ಅರ್ಧ ದೂರ ಹಾರಿದಂತಾಗುತ್ತದೆ. ಎರಡು ವಾರ ಮೊದಲು ಬಂದರೆ ಉಳಿಯುವ ದುಡ್ಡಿನಲ್ಲಿ ಮಕ್ಕಳಿಗೆ ಬಟ್ಟೆ, ಎಲ್ಲರಿಗೂ ಪರ್‌ಫ್ಯೂಮ್, ಬಾಪ್ಪುವಿಗೆ ಏರ್‌ಪೋರ್ಟಿನ ಬಾಟ್ಲಿ ಎಲ್ಲ ಆಗುತ್ತದೆ. ಬಾಪ್ಪು ಅಂದರೆ ಅಪ್ಪನ ತಮ್ಮ. ಮುಂಗಡ ಕ್ರಿಸ್ಮಸ್ಸಿಗೆ ಮೊದಲ ಬೆಂಬಲ ಸೂಚಿಸಿದವರು ಅವರೇ ಎಂಬುದನ್ನು ಇಲ್ಲಿ ನೆನೆಯಬೇಕು. 2006ರಲ್ಲಿ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ಗಲ್ಫಿನವರು ಬೊಂಬಾಯಿಯಲ್ಲಿ ಇಳಿದು, ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕುಲುಕಾಡಿ ಊರು ಸೇರುತ್ತಿದ್ದರು. ಬಾಟ್ಲಿ ಒಡೆಯದೆ ಬಂದರೆ ಅದೇ ಒಂದು ಪವಾಡ.

ವಿರೋಧ ಬಂದದ್ದು ಕಾನ್ವೆಂಟಿನಿಂದ. ನಮ್ಮ ಚಿಕ್ಕಮ್ಮ ಸಿಸ್ಟರ್. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ ಆಗಮನ ಕಾಲ, ಕಾಯುವ ಕಾಲ. ಗುರುಗಳು ನೇರಳೆ ಬಣ್ಣದ ವಸ್ತ್ರ ಧರಿಸುತ್ತಾರೆ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ, ನಮ್ಮ ಕಡೆ ಆ ದಿನಗಳಲ್ಲಿ ಮದುವೆಯನ್ನೂ ಇಟ್ಟುಕೊಳ್ಳುವುದಿಲ್ಲ. “ಹಬ್ಬ ಆದ ಮೇಲೆ ಬೇಕಾದರೆ ಮೂರು ರಾಯರ ಹಬ್ಬದವರೆಗೆ, ಜನವರಿ 6ರ ತನಕ ತಿನ್ನಿ ಕುಡಿಯಿರಿ. ಮೊದಲೇ ಎಂತ ನಿಮ್ಮ ಗಡಿಬಿಡಿ?” ಎಂದರು ಚಿಕ್ಕಮ್ಮ. ಅವರ ಮಾತಿನಲ್ಲಿ ನ್ಯಾಯವಿತ್ತು. ತಡವಾಗಿ ಆಚರಿಸಲು ಧರ್ಮಸಭೆಯ ಅನುಮತಿ ಉಂಟು, ಮುಂಚಿತವಾಗಿ ಆಚರಿಸಲು ಕುವೈತ್ ಕಂಪನಿಯದು ಮಾತ್ರ.

ಸಣ್ಣಣ್ಣ ಬಿಡುವವನಲ್ಲ. ಅವನು ಚರಿತ್ರೆ ತೆಗೆದ. ಡಿಸೆಂಬರ್ 25 ಎಂದು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ರೋಮಿನಲ್ಲಿ ಆ ದಿನ ಹಬ್ಬ ಮಾಡುತ್ತಿದ್ದರೆಂಬ ಲಿಖಿತ ದಾಖಲೆ ಸಿಗುವುದೇ ನಾಲ್ಕನೇ ಶತಮಾನದಲ್ಲಿ. ರಷ್ಯಾದ ಆರ್ಥೊಡಾಕ್ಸ್‌ನವರು ಹಳೆಯ ಜೂಲಿಯನ್ ಕ್ಯಾಲೆಂಡರನ್ನೇ ಹಿಡಿದುಕೊಂಡು ಈಗಲೂ ಜನವರಿ 7ಕ್ಕೆ ಆಚರಿಸುತ್ತಾರೆ. 1582ರಲ್ಲಿ ಪೋಪ್ ಗ್ರೆಗೊರಿ ಕ್ಯಾಲೆಂಡರ್ ಸರಿ ಮಾಡಲು ಹೊರಟಾಗ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಬಂತು. “ಪೋಪರು ಒಂದೇ ರಾತ್ರಿಯಲ್ಲಿ ಹತ್ತು ದಿನ ನುಂಗಬಹುದಂತೆ, ನಾವು ಹದಿನೈದು ದಿನ ಮುಂಚೆ ತರಬಾರದಂತೆ!” ಕೊನೆಗೆ ತುರುಪು ಎಲೆ ಎಸೆದ. ಹೆರೋದ್ ಅರಸ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನ ಪಂಡಿತರ ಲೆಕ್ಕ. ಏಸು ಹುಟ್ಟಿದ್ದು ಅವನ ಕಾಲದಲ್ಲಿ. ಅಂದರೆ ಕ್ರಿಸ್ತ ಹುಟ್ಟಿದ್ದೇ ಕ್ರಿಸ್ತಪೂರ್ವದಲ್ಲಿ! “ಸ್ವಾಮಿಯೇ ನಾಲ್ಕಾರು ವರ್ಷ ಮುಂಚಿತವಾಗಿ ಬಂದಿದ್ದಾನೆ ಸಿಸ್ಟರ್, ನಮ್ಮದು ಎರಡೇ ವಾರ.” ಚಿಕ್ಕಮ್ಮ ಜಪಸರ ತೆಗೆದರು. ಅದು ಒಪ್ಪಿಗೆಯೋ ಪ್ರಾಯಶ್ಚಿತ್ತವೋ ಯಾರೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ಗಲ್ಫಿನ ನಮ್ಮವರಿಗೆ ದಿನ ಆಚೀಚೆ ಮಾಡುವುದು ಹೊಸತಲ್ಲ. ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಭಾನುವಾರದ ಪೂಜೆಗೆ ಜನ ತುಂಬುವುದು ಶುಕ್ರವಾರ. ದುಬೈಯಲ್ಲೂ ಹಾಗೆಯೇ ಇತ್ತು; 2022ರಿಂದ ಅಲ್ಲಿ ರಜೆ ಶನಿವಾರ, ಭಾನುವಾರಕ್ಕೆ ಬಂದ ಮೇಲೆ ಸಣ್ಣಣ್ಣನ ಭಾನುವಾರ ಮರಳಿ ಭಾನುವಾರಕ್ಕೇ ಬಂತು. ದೊಡ್ಡಣ್ಣನದು ಇನ್ನೂ ಶುಕ್ರವಾರದಲ್ಲೇ ಉಂಟು. ದೇವರ ದಿನವಾದ ಭಾನುವಾರವನ್ನೇ ಕಂಪನಿಯ ವೇಳಾಪಟ್ಟಿಗೆ ಹೊಂದಿಸಿಕೊಂಡವರಿಗೆ ಕ್ರಿಸ್ಮಸ್ ಏನು ಮಹಾ? ಸಣ್ಣಣ್ಣನ ಆಫೀಸಿನಲ್ಲಿ ಫಿಲಿಪ್ಪೀನ್ಸಿನವರು ಇದ್ದಾರೆ. ಅವರು ಸೆಪ್ಟೆಂಬರ್ ಒಂದಕ್ಕೇ ಕ್ರಿಸ್ಮಸ್ ಹಾಡು ಹಾಕಿ ಮೇಜಿಗೆ ನಕ್ಷತ್ರ ಕಟ್ಟುತ್ತಾರಂತೆ. ಅವರೆದುರು ನಾವೇ ತಡವಾದವರು.

ದಿನ ಗೊತ್ತಾದ ಮೇಲೆ ಕುಸ್ವಾರ್ ಶುರು. ಹಬ್ಬದ ತಿಂಡಿಗಳಿಗೆಲ್ಲ ಒಟ್ಟಾಗಿ ನಾವು ಕುಸ್ವಾರ್ ಎನ್ನುತ್ತೇವೆ: ಎಳ್ಳು, ತೆಂಗಿನಕಾಯಿ, ಸಕ್ಕರೆ, ಏಲಕ್ಕಿ ತುಂಬಿ ಅಂಚನ್ನು ಹಲ್ಲಿನ ಚಕ್ರದಿಂದ ಕತ್ತರಿಸಿದ ನೆವ್ರ್ಯೊ, ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಇಳಿಸುವ ಕೊಕ್ಕಿಸಾಂ, ಚಕ್ಕುಲಿ, ತುಕ್ಡಿ, ಎಳ್ಳಿನ ಲಾಡು, ಕಿಡಿಯೊ. ಇವುಗಳಲ್ಲಿ ಕುಟುಂಬವನ್ನು ಒಟ್ಟು ಕೂರಿಸುವ ಶಕ್ತಿ ಇರುವುದು ಕಿಡಿಯೊಗೆ. ಉಳಿದದ್ದನ್ನು ಒಬ್ಬಿಬ್ಬರು ಮಾಡಿ ಮುಗಿಸಬಹುದು, ಇದಕ್ಕೆ ಹತ್ತಾರು ಹೆಬ್ಬೆರಳು ಬೇಕು. ಮೈದಾಕ್ಕೆ ಮೊಟ್ಟೆ, ತೆಂಗಿನ ಹಾಲು ಹಾಕಿ ನಾದಿದ ಹಿಟ್ಟಿನಿಂದ ನೆಲ್ಲಿಕಾಯಿಗಿಂತ ಸಣ್ಣ ಉಂಡೆ ಮಾಡಿ, ಫೋರ್ಕಿನ ಬೆನ್ನಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿ ಕೆಳಗೆ ಎಳೆಯಬೇಕು. ಹಿಟ್ಟು ತಾನಾಗಿ ಸುರುಳಿಯಾಗುತ್ತದೆ, ಹೊರಗಡೆ ಗೆರೆ ಗೆರೆ ಮೂಡುತ್ತದೆ. ಫೋರ್ಕ್ ಸಾಲದಿದ್ದರೆ ಹೊಸ ಬಾಚಣಿಗೆ. ಹೊಸತೆಂದು ಅಮ್ಮ ಪ್ರಮಾಣ ಮಾಡಿ ಹೇಳಬೇಕಾಗುತ್ತದೆ, ಯಾಕೆಂದರೆ ದುಬೈಯಲ್ಲಿ ಬೆಳೆದ ಮಕ್ಕಳು ಅದನ್ನು ಮೂಸಿ ನೋಡುತ್ತವೆ.

ಕೆಲಸ ಮುಂದುವರಿದಂತೆ ಹಿಟ್ಟಿಗಿಂತ ಮಾತು ಜಾಸ್ತಿ. ಯಾರ ಸುರುಳಿ ಬಿಗಿ, ಯಾರದ್ದು ಸಡಿಲ ಎಂಬಲ್ಲಿಂದ ಹೊರಟು ಯಾರ ಜಾಗದ ಗಡಿ ಎಲ್ಲಿಗೆ ಎಂಬಲ್ಲಿಗೆ ಬರುತ್ತದೆ. ಆಗ ಅಮ್ಮ “ಎಣ್ಣೆ ಕಾದಿದೆ” ಎನ್ನುತ್ತಾಳೆ. ಕಾದಿರುವುದು ಎಣ್ಣೆ ಮಾತ್ರವಲ್ಲ ಎಂದು ಎಲ್ಲರಿಗೂ ಅರ್ಥವಾಗಿ ತೆಪ್ಪಗಾಗುತ್ತಾರೆ. ಕರಿದದ್ದೆಲ್ಲ ಹಿಂದಿನ ವರ್ಷ ಗಲ್ಫಿನಿಂದ ಬಂದ ನಿಡೋ ಹಾಲಿನ ಪುಡಿಯ ಡಬ್ಬಿಗಳಿಗೆ ಹೋಗುತ್ತದೆ. ಈ ವರ್ಷ ಕುಸ್ವಾರ್ ಎಷ್ಟಾಯಿತು ಎಂದು ನಮ್ಮಲ್ಲಿ ಕಿಲೋದಲ್ಲಿ ಹೇಳುವುದಿಲ್ಲ, ನಿಡೋದಲ್ಲಿ ಹೇಳುತ್ತೇವೆ.

ಗೋದಲಿಯ ವಿಷಯದಲ್ಲಿ ಮಾತ್ರ ಪೇಚಾಯಿತು. ಗೋದಲಿಯಲ್ಲಿ ಕುರುಬರು ಕುರಿ ಮೇಯಿಸಲು ಹುಲ್ಲು ಬೇಕಲ್ಲ? ಅದಕ್ಕೆ ರಾಗಿಯನ್ನೋ ಭತ್ತವನ್ನೋ ತಟ್ಟೆಯಲ್ಲಿ ಮೊಳಕೆ ಬರಿಸುವುದು ಪದ್ಧತಿ. ಮೊಳಕೆಗೆ ಗಲ್ಫಿನ ರಜೆ ಗೊತ್ತಿಲ್ಲ. ನಮ್ಮ ಶನಿವಾರ ಬಂದಾಗ ರಾಗಿ ಒಂದು ಉಗುರಿನಷ್ಟು ಎದ್ದಿತ್ತು. ಕುರಿಗಳು ಗೋಲ್ಫ್ ಮೈದಾನದಲ್ಲಿ ನಿಂತ ಹಾಗಿದ್ದವು. ಅದಕ್ಕಿಂತ ದೊಡ್ಡ ಸಮಸ್ಯೆಯನ್ನು ಕಂಡದ್ದು ಸಣ್ಣಣ್ಣನ ಮಗಳು. ಮರಿಯಮ್ಮ ಇದ್ದಾಳೆ, ಜೋಸೆಫ್ ಇದ್ದಾನೆ, ದನ ಕತ್ತೆ ಇವೆ, ನಡುವೆ ಹುಲ್ಲಿನ ತೊಟ್ಟಿಲು ಖಾಲಿ. “ಬಾಲಯೇಸು ಎಲ್ಲಿ?”

ಬಾಲಯೇಸು ಅಮ್ಮನ ಕಪಾಟಿನಲ್ಲಿ, ಹತ್ತಿಯಲ್ಲಿ ಸುತ್ತಿಕೊಂಡು, ಬ್ಯಾಂಕಿನ ಪಾಸ್ ಪುಸ್ತಕಗಳ ಪಕ್ಕದಲ್ಲಿದ್ದ. ಮಗುವನ್ನು ಗೋದಲಿಯಲ್ಲಿ ಮಲಗಿಸುವುದು 24ರ ರಾತ್ರಿ, ಅದಕ್ಕೆ ಮೊದಲಲ್ಲ. ಹಬ್ಬದ ಊಟ, ಬಟ್ಟೆ, ಕೇಕ್ ಎಲ್ಲವನ್ನೂ ಹಿಂದೆ ಮುಂದೆ ಮಾಡಲು ಒಪ್ಪಿದ ಅಮ್ಮ ಇದೊಂದಕ್ಕೆ ಜಗ್ಗಲಿಲ್ಲ. “ನಿಮಗೆ ರಜೆ ಇಲ್ಲವೆಂದು ಅವನು ಬೇಗ ಹುಟ್ಟಲಿಕ್ಕೆ ಆಗ್ತದಾ?” ಎಂದಳು. ಹಾಗೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಹುಟ್ಟುಹಬ್ಬ ನಡೆಯಿತು: ನೆಂಟರೆಲ್ಲ ಬಂದಿದ್ದಾರೆ, ಕೇಕ್ ಬಂದಿದೆ, ಹುಟ್ಟಿದವನೊಬ್ಬನಿಗೆ ಮಾತ್ರ ರಜೆ ಸಿಕ್ಕಿಲ್ಲ.

ಊಟದ ವಿಷಯದಲ್ಲಿ ಯಾವ ತಕರಾರೂ ಇರಲಿಲ್ಲ. ಬಫಾತ್ ಪುಡಿ ಹಾಕಿ ಮಾಡಿದ ಹಂದಿ ಮಾಂಸ, ಕೋಳಿ ಸಾರು, ಕಳ್ಳು ಹಾಕಿ ಉಬ್ಬಿಸಿದ ಸನ್ನ. ಬಫಾತ್ ಮಾಡಿದ ದಿನಕ್ಕಿಂತ ಮರುದಿನ ರುಚಿ, ಮೂರನೆಯ ದಿನ ಇನ್ನೂ ರುಚಿ. ಅಯರ್ಲೆಂಡಿನ ತಂಗಿ ಅದನ್ನು ಫ್ರೀಜ್ ಮಾಡಿ ಸೂಟ್‌ಕೇಸಿನಲ್ಲಿ ಒಯ್ಯುವ ಸಾಧ್ಯತೆಯನ್ನು ಕಸ್ಟಮ್ಸ್‌ನವರ ಹೆದರಿಕೆಯಿಂದ ಕೈಬಿಟ್ಟು, ಒಯ್ಯಬೇಕಾದದ್ದನ್ನು ಇಲ್ಲಿಯೇ ತಿಂದು ಮುಗಿಸಿದಳು. ಮಧ್ಯಾಹ್ನ ಹೌಸಿ ಆಟ. ಬಾಪ್ಪು ನಂಬರ್ ಕೂಗಿದರು, ಏರ್‌ಪೋರ್ಟಿನ ಬಾಟ್ಲಿ ಅಷ್ಟರಲ್ಲಿ ತೆರೆದಿದ್ದುದರಿಂದ ಒಂದೇ ನಂಬರ್ ಎರಡು ಸಲ ಬಂತು. ಫೋಟೋ ತೆಗೆಯುವಾಗ ಸಣ್ಣಣ್ಣ ಆಜ್ಞೆ ಹೊರಡಿಸಿದ: 25ರ ಮೊದಲು ಯಾರೂ ಸ್ಟೇಟಸ್ ಹಾಕಬಾರದು. ಹಬ್ಬದ ದಿನ ಆಫೀಸಿನಲ್ಲಿ ಕೂತಿರುವವನು ಊರಿನಲ್ಲಿ ಹೊಸ ಅಂಗಿ ಹಾಕಿ ನಿಂತ ಫೋಟೋ ಹಾಕಿ ಲೈಕ್ ಎಣಿಸುವುದು ಅವನ ಉಪಾಯ.

ಪಕ್ಕದ ಮನೆಯ ಶೆಟ್ರಿಗೆ ಕುಸ್ವಾರ್ ತಟ್ಟೆ ಹೋಯಿತು. ನಮ್ಮ ಕಡೆ ಹಬ್ಬದ ತಟ್ಟೆ ಜಾತಿ ಧರ್ಮ ನೋಡದೆ ಕಂಪೌಂಡು ದಾಟುತ್ತದೆ. ದೀಪಾವಳಿಗೆ ಅಲ್ಲಿಂದ ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಶೆಟ್ರು ನೆವ್ರಿ ಮುರಿದು ಬಾಯಿಗೆ ಹಾಕಿಕೊಂಡು, ಕ್ಯಾಲೆಂಡರ್ ನೋಡಿ, “ಬಾಯಮ್ಮ, ಇದು ಈ ವರ್ಷದ್ದೋ ಕಳೆದ ವರ್ಷದ್ದು ಬಾಕಿಯೋ?” ಎಂದರು. ಅಮ್ಮ 25ಕ್ಕೆ ಇನ್ನೊಂದು ತಟ್ಟೆ ಕಳಿಸಿದಳು. ಮುಂಗಡ ಕ್ರಿಸ್ಮಸ್ಸಿನ ನಿಜವಾದ ಫಲಾನುಭವಿ ಅವರೇ ಎಂದು ಕಾಣುತ್ತದೆ.

ಮಕ್ಕಳೆಲ್ಲ ಹಿಂತಿರುಗಿದ ಮೇಲೆ ನಾನೂ ಅಮ್ಮನೂ 24ರಂದು ಇಗರ್ಜಿಗೆ ಹೋದೆವು. ನಡುರಾತ್ರಿಯ ಪೂಜೆ ಎಂದು ಹೆಸರು, ಶುರುವಾಗುವುದು ಸಂಜೆ ಏಳೂವರೆಗೆ. ಎಷ್ಟೋ ಇಗರ್ಜಿಗಳಲ್ಲಿ ಈಗ ಹೀಗೆಯೇ. ವಾರ್ಡಿನ ಕ್ಯಾರಲ್ ತಂಡ ಸಾಂತಾನನ್ನು ಕರಕೊಂಡು ಮನೆಮನೆಗೆ ಬಂದು ಹೋಗಿ ಆಗಲೇ ಒಂದು ವಾರವಾಗಿತ್ತು. ಧರ್ಮಸಭೆ ಕೆಲವು ಗಂಟೆ ಮುಂಗಡ, ವಾರ್ಡಿನವರು ಒಂದು ವಾರ ಮುಂಗಡ, ನಾವು ಎರಡು ವಾರ ಮುಂಗಡ. ದಾರಿ ಒಂದೇ, ನಾವು ಸ್ವಲ್ಪ ಬೀಸಾಗಿ ನಡೆದೆವು ಅಷ್ಟೆ. ಮನೆಗೆ ಬಂದು ಅಮ್ಮ ಹತ್ತಿ ಬಿಡಿಸಿ ಮಗುವನ್ನು ತೊಟ್ಟಿಲಲ್ಲಿ ಇಟ್ಟಳು. ರಾಗಿ ಈಗ ಗೇಣುದ್ದ ಬೆಳೆದು ಕುರಿಗಳೇ ಕಾಣುತ್ತಿರಲಿಲ್ಲ. ಈ ಕ್ರಿಸ್ಮಸ್ಸಿಗೆ ಯಾರ ರಜೆಯೂ ಬೇಡ, ಟಿಕೆಟ್ಟೂ ಬೇಡ. ದೇವರನ್ನು ಮನೆಗೆ ಕರೆಸುವುದು ಸುಲಭ, ಅವನು ಎಲ್ಲ ಕಡೆಯೂ ಇದ್ದಾನೆ. ಎಲ್ಲ ಕಡೆ ಇರುವ ಮಕ್ಕಳನ್ನು ಒಂದು ಕಡೆ ಕರೆಸುವುದೇ ಕಷ್ಟದ ಕೆಲಸ. ಅದಕ್ಕೊಂದು ಪ್ರತ್ಯೇಕ ಹಬ್ಬ ಬೇಕೇ ಬೇಕು.

ಹಿಂದೆ ಈ ಕಷ್ಟಕ್ಕೆ ಬೇರೆ ದಾರಿ ಇತ್ತು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ನಮ್ಮ ತೆನೆ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದವಾದ ಹೊಸ ಭತ್ತದ ಕಾಳು ಸುಲಿದು ಪಾಯಸಕ್ಕೆ ಹಾಕಿ, ಬಾಳೆಲೆಯಲ್ಲಿ ಸಸ್ಯಾಹಾರದ ಊಟ ಮಾಡುತ್ತೇವೆ. ದೂರದಲ್ಲಿದ್ದವರ ಪಾಲಿನ ಕಾಳನ್ನು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಅವರು ಅಲ್ಲಿ ಹಾಲಿಗೆ ಬೆರೆಸಿ ಕುಡಿದರೆ ಊರಿನ ಪಂಕ್ತಿಯಲ್ಲಿ ಕೂತ ಲೆಕ್ಕ. ಹಬ್ಬವೇ ಜನರನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲ ಅದು. ಬಫಾತನ್ನು ಲಕೋಟೆಯಲ್ಲಿ ಹಾಕಲು ಬರುವುದಿಲ್ಲವಾದ್ದರಿಂದ ಕ್ರಿಸ್ಮಸ್ಸಿಗೆ ಜನರೇ ಬರಬೇಕಾಗುತ್ತದೆ.

ಮುಂದಿನ ವರ್ಷ ದೊಡ್ಡಣ್ಣನಿಗೆ ರಜೆ ನವೆಂಬರಿನಲ್ಲಂತೆ. ವಾಟ್ಸ್ಯಾಪ್ ಗ್ರೂಪಿನಲ್ಲಿ ಸುದ್ದಿ ಬಿದ್ದದ್ದೇ ತಡ, ಕಾನ್ವೆಂಟಿನಿಂದ ಚಿಕ್ಕಮ್ಮನ ಧ್ವನಿ ಸಂದೇಶ ಬಂತು: “ನವೆಂಬರ್ ಸತ್ತವರ ತಿಂಗಳು. ಆತ್ಮಗಳಿಗಾಗಿ ಪ್ರಾರ್ಥನೆ ಮಾಡುವ ತಿಂಗಳಲ್ಲಿ ಕ್ರಿಸ್ಮಸ್ಸಾ?” ಸಣ್ಣಣ್ಣನ ಬಳಿಯೂ ಇದಕ್ಕೆ ಚರಿತ್ರೆ ಇರಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, “ಸತ್ತವರೂ ನಮ್ಮವರೇ ಅಲ್ಲವಾ? ಅವರೂ ಬರಲಿ” ಎಂದಳು. ಒಣದ್ರಾಕ್ಷಿ ತರಲು ನನಗೆ ಚೀಟಿ ಬಂದಾಗಿದೆ. ಸನ್ನಕ್ಕೆ ಅಕ್ಕಿ ಎಷ್ಟು ನೆನೆ ಹಾಕಬೇಕೆಂಬುದಷ್ಟೇ ಇನ್ನೂ ಲೆಕ್ಕಕ್ಕೆ ಸಿಗುತ್ತಿಲ್ಲ.